ಹಿತ್ತಲ ಶೆಡ್ಡಿನ ಉದ್ಧಾರ

ಕುಡಿಯುವ ನೀರು ಸೋಸಿದ ಅರಿವೆಯನ್ನು ತಿರುವಿ ಹಿಡಿದು, ಅದರ ಮೇಲೆ ತಂಬಿಗೆಯಿಂದ ಮೆಲ್ಲಗೆ ನೀರು ಬಿಟ್ಟು, ಕಣ್ಣಿಗೆ ಕಾಣದ ಜೀವಗಳನ್ನೆಲ್ಲ ತ್ರಿಶಲಾ ಸಣ್ಣ ಬಕೆಟ್ಟಿಗೆ ಇಳಿಸಿಕೊಂಡಿದ್ದಳು. ಇನ್ನು ಆ ಬಕೆಟ್ಟನ್ನು ಹಗ್ಗದಿಂದ ಬಾವಿಗೆ ಇಳಿಬಿಟ್ಟು, ನೀರು ಮುಟ್ಟಿದ ಮೇಲೆ ಬಗ್ಗಿಸಬೇಕು. ಮೇಲಿನಿಂದ ಸುರಿದರೆ ಆ ಜೀವಗಳಿಗೆ ಪೆಟ್ಟಾಗುತ್ತದೆ ಎಂದು ಅತ್ತೆ ಕಲಿಸಿ ಹೋಗಿದ್ದರು. ಯಾವ ಬಾವಿಯಿಂದ ಬಂದವೋ ಅದೇ ಬಾವಿಗೆ ಹೋಗಬೇಕು, ಬೇರೆ ನೀರಿನಲ್ಲಿ ಅವು ಬದುಕುವುದಿಲ್ಲ.

ಬಕೆಟ್ಟು ಅರ್ಧ ಇಳಿದಿದ್ದಾಗ ಒಳಗಿನಿಂದ ಗಂಡ ಜಯಕುಮಾರ ನೋಟೀಸು ಓದತೊಡಗಿದ. ಅದನ್ನು ಬರೆದವನು ಅವನೇ, ಸೊಸೈಟಿಯ ವಾಟ್ಸಾಪ್ ಗುಂಪಿಗೆ ಹಾಕಿದವನೂ ಅವನೇ. ಈಗ ಯಾರೋ ದೊಡ್ಡವರು ತನಗೆ ಕಳಿಸಿದ್ದೆಂಬಂತೆ ಗಂಭೀರವಾಗಿ ಓದುತ್ತಿದ್ದ. ಸಹಕಾರಿ ಬ್ಯಾಂಕಿನ ಮ್ಯಾನೇಜರಗಿರಿಯಿಂದ ನಿವೃತ್ತನಾದ ಮೇಲೆ ಕೆಲವು ತಿಂಗಳು ಅವನು ಮನೆಯಲ್ಲಿ ಫ್ಯಾನು, ಲೈಟು, ಫ್ರಿಜ್ಜಿನ ಬಾಗಿಲುಗಳ ಮೇಲೆ ಆಡಳಿತ ನಡೆಸಿದ್ದ. ಆಮೇಲೆ ಸೊಸೈಟಿಯವರು ಅವನನ್ನು ಚೇರ್ಮನ್ ಮಾಡಿದರು. ತ್ರಿಶಲಾ ಆ ದಿನ ಮನಸ್ಸಿನಲ್ಲೇ ಎಲ್ಲ ಸದಸ್ಯರಿಗೂ ಕೈಮುಗಿದಿದ್ದಳು.

ಸಾಂಗ್ಲಿಯಿಂದ ಮಿರಜಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಹಿಂದೆ ಜೋಳದ ಹೊಲವಿದ್ದ ಜಾಗದಲ್ಲಿ, ಎರಡು ಸಾಲು ಮನೆಗಳ ಚಂದನಬಾಗ ಸೊಸೈಟಿ ಇದೆ. ಅಲ್ಲಿ ಚಂದನವಿಲ್ಲ, ಬಾಗೂ ಇಲ್ಲ. ಇದ್ದ ಒಂದಿಷ್ಟು ಹಿತ್ತಿಲಲ್ಲಿ ಎಲ್ಲರೂ ತಗಡಿನ ಶೆಡ್ಡು ಹಾಕಿಕೊಂಡಿದ್ದಾರೆ. ನಡುವಿನ ಓಣಿಯಲ್ಲಿ ಎಲ್ಲರೂ ಎಲ್ಲರ ಗೇಟಿನ ಮುಂದೆಯೂ ಗಾಡಿ ನಿಲ್ಲಿಸುತ್ತಾರೆ. ನೋಟೀಸು ಈ ಎರಡೂ ಪಾಪಗಳ ಮೇಲೆ ಒಟ್ಟಿಗೇ ಬಿದ್ದಿತ್ತು. ಅನುಮತಿಯಿಲ್ಲದ ಶೆಡ್ಡುಗಳನ್ನೆಲ್ಲ ಕೆಡವತಕ್ಕದ್ದು. ಓಣಿಯಲ್ಲಿ ಮನೆಗೆ ಒಂದೇ ಗಾಡಿ, ಅದೂ ಸ್ವಂತ ಗೇಟಿನ ಮುಂದೆ.

"ಮೊದಲ ನಮ್ಮ ಶೆಡ್ಡ ಬೀಳತೈತಿ," ಎಂದ ಜಯಕುಮಾರ, ಹಿತ್ತಲ ಬಾಗಿಲಿಗೆ ಬಂದು. "ಚೇರ್ಮನ್ನನ ಮನ್ಯಾಗ ಶೆಡ್ಡ ಇಟಗೊಂಡು ಮಂದಿಗೆ ಹ್ಯಾಂಗ ಹೇಳಲಿ?"

ತತ್ವ ದೊಡ್ಡದಾಗಿತ್ತು. ಅದರ ಜೊತೆಗೆ ಇನ್ನೊಂದು ಸಣ್ಣ ಸಂಗತಿಯೂ ಇತ್ತು. ಮಗ ಶ್ರೇಯಸ ದೀಪಾವಳಿಗೆ ಹೊಸ ಕಾರು ತಂದಿದ್ದ. ಅದನ್ನು ಗೇಟಿನ ಮುಂದೆ ನಿಲ್ಲಿಸೋಣವೆಂದರೆ ಅಲ್ಲಿ ಎದುರುಮನೆಯ ತಾತ್ಯಾಸಾಹೇಬರ ಎರಡನೆಯ ಕಾರು ಬೇರುಬಿಟ್ಟಿತ್ತು. ತಾತ್ಯಾಸಾಹೇಬರು ಅರಿಶಿನದ ದಲಾಲರು. ಕಾರು ತೆಗೆಯಿರಿ ಎಂದರೆ ನಗುತ್ತ ಚಹಾ ಕೊಡುತ್ತಿದ್ದರೇ ಹೊರತು ಕಾರು ತೆಗೆಯುತ್ತಿರಲಿಲ್ಲ. ಜಯಕುಮಾರನ ಹಿತ್ತಿಲಿಗೆ ಪಕ್ಕದ ಸಂದಿಯಿಂದ ದಾರಿಯಿತ್ತು. ಶೆಡ್ಡು ಬಿದ್ದರೆ ಒಂದು ಕಾರು ಸರಿಯಾಗಿ ನಿಲ್ಲುತ್ತಿತ್ತು. ತತ್ವಗಳು ಎಷ್ಟೋ ಸಲ ಹೀಗೆ ಅಳತೆಗೆ ಸರಿಯಾಗಿಯೇ ಬರುತ್ತವೆ.

"ಇರಲಿ ಬಿಡ್ರಿ ಅದು," ಎಂದಳು ತ್ರಿಶಲಾ.

"ಏನೈತಿ ಅದರಾಗ?"

ಅದರಲ್ಲಿ ಏನೂ ಇರಲಿಲ್ಲ. ಬಾವಿಗೆ ಆತುಕೊಂಡ ಮೂರು ಗೋಡೆ, ಮೇಲೆ ತಗಡು, ಅತ್ತೆಯ ಕಾಲದ ಕಟ್ಟಿಗೆ ಒಲೆ, ಮಾವನ ಕಾಲದ ಒಂದು ಕ್ಯಾನ್ವಾಸಿನ ಆರಾಮಕುರ್ಚಿ. ಮಧ್ಯಾಹ್ನ ಪಾತ್ರೆ ತಿಕ್ಕುವುದು ಮುಗಿದ ಮೇಲೆ ಅವಳು ಆ ಕುರ್ಚಿಯಲ್ಲಿ ಒಂದು ತಾಸು ಕೂಡುತ್ತಿದ್ದಳು. ಮಲಗುತ್ತಿರಲಿಲ್ಲ, ಓದುತ್ತಿರಲಿಲ್ಲ, ಫೋನು ಒಳಗೇ ಬಿಟ್ಟು ಬರುತ್ತಿದ್ದಳು. ತೊಡೆಯ ಮೇಲೆ ಮಾತ್ರ ಒಂದು ತಟ್ಟೆ ಶೇಂಗಾ ಇರುತ್ತಿತ್ತು, ಯಾರಾದರೂ ಇಣುಕಿದರೆ ಸುಲಿಯುವುದಕ್ಕೆ. ಯಾರೂ ಇಣುಕದ ದಿನಗಳಲ್ಲಿ ಶೇಂಗಾ ಹಾಗೇ ಒಳಗೆ ಹೋಗಿ ಮರುದಿನ ಮತ್ತೆ ಬರುತ್ತಿತ್ತು.

ಮನೆಯೊಳಗೆ ಹೀಗೆ ಕೂಡುವುದು ಸಾಧ್ಯವಿರಲಿಲ್ಲ. ಸೋಫಾದ ಮೇಲೆ ಹೆಂಗಸು ಕೈಕಟ್ಟಿ ಕುಳಿತರೆ ಅವಳಿಗೆ ತಲೆ ನೋಯುತ್ತಿರಬೇಕು, ಇಲ್ಲವೆ ಯಾರ ಮೇಲೋ ಸಿಟ್ಟು ಬಂದಿರಬೇಕು. ಮೂರನೆಯ ಕಾರಣ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜಯಕುಮಾರ ಗುಳಿಗೆ ತಂದು ಕೊಡುತ್ತಿದ್ದ, ಶ್ರೇಯಸ "ಕಾಯ ಝಾಲ ಆಯಿ, ಏನಾತು?" ಎಂದು ಎರಡು ಭಾಷೆಯಲ್ಲೂ ಕೇಳುತ್ತಿದ್ದ. ಒಳ್ಳೆಯವರೇ. ಆದರೆ ಅವರ ಒಳ್ಳೆಯತನಕ್ಕೆ ಉತ್ತರ ಕೊಟ್ಟು ಮುಗಿಸುವಷ್ಟರಲ್ಲಿ ಸಂಜೆಯ ಅಡಿಗೆಯ ಹೊತ್ತಾಗುತ್ತಿತ್ತು. ಹೊತ್ತು ಮುಳುಗುವ ಮೊದಲೇ ಉಣ್ಣುವ ಮನೆಗಳಲ್ಲಿ ಸಂಜೆ ಬಲುಬೇಗ ಬರುತ್ತದೆ.

"ಶೇಂಗಾ ಸುಲೀತೇನಿ ಅಲ್ಲಿ," ಎಂದಳು ಕೊನೆಗೆ.

ಜಯಕುಮಾರ ನಕ್ಕ. "ಶೇಂಗಾ ಸುಲಿಯಾಕ ಒಂದು ಶೆಡ್ಡ? ಎಣ್ಣಿ ಗಿರಣಿ ಹಾಕಾಕಿ ಏನ?"

ಶ್ರೇಯಸನೂ ತಂದೆಯ ಬೆನ್ನಿಗೆ ಬಂದು ನಿಂತ. ಅದೆಲ್ಲ ನುಸ್ತಾ ಕಬಾಡ, ಬರೀ ಗುಜರಿ ಸಾಮಾನು, ಹೊರಗೆ ಗಾಡಿ ಬಿಸಿಲಲ್ಲಿ ನಿಂತು ಬಣ್ಣ ಹೋಗುತ್ತಿದೆ, ಹಿತ್ತಿಲಲ್ಲಾದರೆ ಮನೆಯ ನೆರಳು ಬೀಳುತ್ತದೆ ಎಂದ. ಗಾಡಿಗೆ ನೆರಳು ಬೇಕೆಂಬುದು ಎಲ್ಲರಿಗೂ ಹೇಳದೆಯೇ ತಿಳಿಯುತ್ತಿತ್ತು. ತ್ರಿಶಲಾ ಖಾಲಿ ಬಕೆಟ್ಟನ್ನು ಮೇಲಕ್ಕೆ ಎಳೆದುಕೊಂಡಳು.

ಸೋಮವಾರ ತಗಡು ಬಿಚ್ಚುವವರು ಬಂದರು. ಮೇಲಿನ ಎರಡು ತಗಡು ಕೆಳಗಿಳಿದಿದ್ದವು, ಒಲೆಯ ಮೇಲೆ ಬಿಸಿಲು ಬಿದ್ದಿತ್ತು. ಅಷ್ಟರಲ್ಲಿ ಬಸದಿಯ ಕಮಿಟಿಯ ನೇಮಿನಾಥ ಕಾಕಾ ಏದುಸಿರು ಬಿಡುತ್ತ ಹಿತ್ತಿಲಿಗೇ ಬಂದರು. ಮುನಿ ಮಹಾರಾಜರೊಬ್ಬರು ಊರಿಂದೂರಿಗೆ ಕಾಲ್ನಡೆಯಲ್ಲಿ ವಿಹಾರ ಮಾಡುತ್ತ ಮ್ಹೈಸಾಳದ ಕಡೆಯಿಂದ ಬರುತ್ತಿದ್ದಾರೆ, ಕೆಲವು ದಿನ ಇಲ್ಲೇ ಬಸದಿಯಲ್ಲಿ ಇರುತ್ತಾರೆ, ಬೆಳಗಿನ ಆಹಾರಕ್ಕೆ ನಮ್ಮ ಸೊಸೈಟಿಯ ಓಣಿಗೇ ಬರುತ್ತಾರೆ ಎಂಬ ಸುದ್ದಿ ತಂದಿದ್ದರು. ಮಹಾರಾಜರು ಕಟ್ಟುನಿಟ್ಟಿನವರು. ನಳದ ನೀರು, ಗ್ಯಾಸಿನ ಮೇಲೆ ಬೇಯಿಸಿದ್ದು ನಡೆಯುವುದಿಲ್ಲ.

"ಬಾವಿ ನೀರ ಬೇಕು, ಕಟಿಗಿ ಒಲಿ ಬೇಕು," ಎಂದರು ನೇಮಿನಾಥ ಕಾಕಾ. "ಇಡೀ ಸೊಸೈಟ್ಯಾಗ ಬಾವಿ ಇರೂದು ನಿಮ್ಮಲ್ಲಿ ಅಷ್ಟ, ಚೇರ್ಮನ್‌ರ."

ಜಯಕುಮಾರ ಬಾವಿಯ ಕಡೆ ನೋಡಿದ. ಒಲೆಯ ಕಡೆ ನೋಡಿದ. ಆಮೇಲೆ ಶೆಡ್ಡನ್ನು, ತನ್ನದೇ ಶೆಡ್ಡನ್ನು, ಈಗಷ್ಟೇ ಪರಿಚಯವಾದ ಶ್ರೀಮಂತ ಬೀಗರನ್ನು ನೋಡಿದಂತೆ ನೋಡಿದ.

"ಅದಕ್ಕ ಅಲ್ಲೇನ್ರಿ ಕಾಕಾ, ಇಷ್ಟ ವರ್ಷ ಇದನ್ನ ಜ್ವಾಕಿ ಮಾಡಿಟ್ಟದ್ದು," ಎಂದ.

ತಗಡು ಬಿಚ್ಚುವವರು ಬಿಚ್ಚಿದ ತಗಡನ್ನು ಮತ್ತೆ ಕೂರಿಸಿ ಎರಡೂ ಕೆಲಸದ ಕೂಲಿ ತೆಗೆದುಕೊಂಡು ಹೋದರು.

ಮಹಾರಾಜರು ಯಾರ ಮನೆಯ ಮುಂದೆ ನಿಲ್ಲುತ್ತಾರೆಂದು ಮೊದಲೇ ಹೇಳಲು ಬರುವುದಿಲ್ಲ. ಹೀಗಾಗಿ ಓಣಿಯ ಜೈನ ಮನೆಗಳವರೆಲ್ಲ ಅಡಿಗೆ ಸಿದ್ಧ ಮಾಡಿಕೊಂಡು ಗೇಟಿನಲ್ಲಿ ನಿಲ್ಲಬೇಕು. ಆ ಅಡಿಗೆಗೆ ಬೇರೆಯೇ ಶುದ್ಧವಾದ ಜಾಗ ಬೇಕು. ಅದಕ್ಕೆ ಚೌಕಾ ಎನ್ನುತ್ತಾರೆ. ಒಳಗಿನ ಅಡಿಗೆಮನೆಗಳಲ್ಲಿ ಗ್ಯಾಸು, ಫ್ರಿಜ್ಜು, ಮಕ್ಕಳು ಹೊರಗಿನಿಂದ ತರಿಸಿಕೊಂಡ ಪಾವಭಾಜಿಯ ಡಬ್ಬಿ. ಉಳಿದದ್ದು ಹಿತ್ತಲ ಶೆಡ್ಡು ಮಾತ್ರ. ಆ ವಾರ ಚಂದನಬಾಗದ ಶೆಡ್ಡುಗಳಿಂದ ಹಳೆಯ ಸ್ಕೂಟರು, ಕೂಲರು, ಜನರೇಟರು ಹೊರಬಿದ್ದವು. ಸುಣ್ಣ ಬಳಿದರು, ಹೊಸ್ತಿಲಿಗೆ ಸ್ವಸ್ತಿಕ ಬರೆದರು, ಇಟ್ಟಿಗೆಯ ಒಲೆ ಹೂಡಿದರು. ತಾತ್ಯಾಸಾಹೇಬರು ಅರಿಶಿನದ ಚೀಲ ತುಂಬಿಟ್ಟಿದ್ದ ಶೆಡ್ಡಿಗೆ ತೋರಣ ಕಟ್ಟಿ, ಇದು ನಮ್ಮ ಅಜ್ಜನ ಕಾಲದಿಂದ ಚೌಕಾದ ಜಾಗವೇ ಎಂದರು. ಸೊಸೈಟಿಗೆ ಹದಿನೈದು ವರ್ಷ ತುಂಬಿತ್ತೋ ಇಲ್ಲವೋ, ಅಜ್ಜ ತೀರಿಕೊಂಡದ್ದು ಅದಕ್ಕೂ ಎಷ್ಟೋ ಮೊದಲು. ಆದರೆ ಅಂಥ ಹೊತ್ತಿನಲ್ಲಿ ಯಾರೂ ಲೆಕ್ಕ ಕೇಳಲಿಲ್ಲ.

ಪಕ್ಕದ ಮನೆಯ ಭಾಮಾ ಜೈನಳಲ್ಲ. ಅವಳ ಶೆಡ್ಡಿನಲ್ಲಿ ಹಿಟ್ಟಿನ ಗಿರಣಿಯಿತ್ತು. ಅವಳು ಕಂಪೌಂಡಿನ ಮೇಲೆ ಮೊಣಕೈಯೂರಿ ತ್ರಿಶಲಾಗೆ ಹೇಳಿದಳು, "ನಮ್ಮಲ್ಲಿ ಮಹಾರಾಜರು ಬರಾಂಗಿಲ್ಲ ವೈನಿ. ನಾ ಗಿರಣಿ ಮ್ಯಾಲ ವಿಠೋಬಾನ್ನ ಕುಂದರಿಸೇನಿ. ಇಷ್ಟ ದಿನ ಇಟ್ಟಂಗಿ ಮ್ಯಾಲ ನಿಂತಾವಗ ಗಿರಣಿ ಏನ ಹೆಚ್ಚಾತು? ಕಾಲಿಗೆ ಆರಾಮ ಆಕ್ಕತಿ."

ತ್ರಿಶಲಾ ಬಹಳ ದಿನಗಳ ಮೇಲೆ ಬಾಯಿ ಬಿಟ್ಟು ನಕ್ಕಳು. ಶೆಡ್ಡು ಉಳಿಯಿತಲ್ಲ ಎಂಬುದೊಂದೇ ಅವಳ ಮನಸ್ಸಿನಲ್ಲಿತ್ತು. ಕುರ್ಚಿಯನ್ನು ಸದ್ಯಕ್ಕೆ ಮಡಚಿ ಗೋಡೆಯ ಹಿಂದಿಟ್ಟಿದ್ದಳು.

ಪಾರ್ಕಿಂಗಿನ ವಿಷಯ ಇನ್ನೂ ಸುಲಭವಾಗಿ ಬಗೆಹರಿಯಿತು. ಹಳದಿ ಗೆರೆ ಎಳೆದು, ಗುಂಪಿನಲ್ಲಿ ಫೋಟೋ ಹಾಕಿ, ಪೊಲೀಸರಿಗೆ ಹೇಳುತ್ತೇನೆಂದು ಹೆದರಿಸಿ ಜಯಕುಮಾರ ಒಂದು ಕಾರನ್ನೂ ಅಲುಗಿಸಲಾರದೆ ಹೋಗಿದ್ದ. ಈಗ ಮಹಾರಾಜರು ನಡೆಯುವ ದಾರಿ ಎಂದೊಡನೆ ಓಣಿಯೆಲ್ಲ ಖಾಲಿಯಾಯಿತು. ತಾತ್ಯಾಸಾಹೇಬರು ಎರಡೂ ಕಾರನ್ನು ದೂರದ ಶಾಲೆಯ ಬಯಲಿನಲ್ಲಿ ನಿಲ್ಲಿಸಿ ನಡೆದುಕೊಂಡು ಬಂದರು. ಕಾಲಲ್ಲಿ ಚಪ್ಪಲಿಯೂ ಇಲ್ಲದ ಒಬ್ಬರು ಬರುತ್ತಾರೆಂದು ಎಲ್ಲರ ಗಾಡಿಗಳೂ ಊರಾಚೆ ಹೋದವು.

ದಿನಾ ಬೆಳಗಾಗುವ ಮೊದಲೇ ತ್ರಿಶಲಾಳ ಬಾವಿಗೆ ಸರದಿ ನಿಲ್ಲತೊಡಗಿತು. ಹೆಂಗಸರು ತಮ್ಮ ತಮ್ಮ ಅರಿವೆ ತಂದು ನೀರು ಸೋಸಿಕೊಂಡು, ಅರಿವೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮರಳಿ ಬಿಟ್ಟು ಹೋಗುತ್ತಿದ್ದರು. ಮಡಿಸೀರೆ, ಹಸಿಕಟ್ಟಿಗೆಯ ಹೊಗೆ, ಕೆಂಪಾದ ಕಣ್ಣು. ಆಮೇಲೆ ಗಂಡಹೆಂಡತಿ ಜೋಡಿಯಾಗಿ ಗೇಟಿಗೆ.

ಮಹಾರಾಜರು ಬಸದಿಯಿಂದ ಹೊರಡುವಾಗ ಮನಸ್ಸಿನಲ್ಲಿ ಒಂದು ವಿಧಿ ಹಿಡಿದು ಬರುತ್ತಾರೆ. ಇಂಥದು ಕಂಡರೆ ಮಾತ್ರ ಇವತ್ತು ಆಹಾರ, ಕಾಣದಿದ್ದರೆ ಉಪವಾಸ. ಕಲಶ ಹಿಡಿದ ಜೋಡಿಯೋ, ತೆಂಗಿನಕಾಯಿಯೋ, ಹಣ್ಣೋ, ಏನಾದರೂ ಇರಬಹುದು. ಯಾರಿಗೂ ಹೇಳುವುದಿಲ್ಲ, ಯಾರೂ ಕೇಳುವಂತಿಲ್ಲ. ಮೊದಲ ದಿನ ಅವರು ಬಲಗೈ ಬೆರಳು ಕೂಡಿಸಿ ಹೆಗಲ ಮೇಲಿಟ್ಟುಕೊಂಡು, ಎರಡೂ ಕಡೆಯಿಂದ "ನಮೋಸ್ತು ನಮೋಸ್ತು" ಎಂದು ಕೂಗುವ ಗೇಟುಗಳ ನಡುವೆ ಶಾಂತವಾಗಿ ನಡೆದು ಹೋದರು. ಎಲ್ಲಿಯೂ ನಿಲ್ಲಲಿಲ್ಲ.

ಅವತ್ತು ಸಂಜೆ ಸೊಸೈಟಿಯಲ್ಲಿ ನಡೆದ ಚರ್ಚೆಯನ್ನು ಕೇಳಬೇಕಿತ್ತು. ಶೆಡ್ಡಿನ ಬಗ್ಗೆ, ಪಾರ್ಕಿಂಗಿನ ಬಗ್ಗೆ ಎಂದೂ ಸಭೆಗೆ ಬಾರದವರೆಲ್ಲ ಬಂದಿದ್ದರು. ಒಬ್ಬರು ಮಾವಿನೆಲೆ ಎಂದರು, ಒಬ್ಬರು ಬೆಳ್ಳಿ ಕಲಶ ಎಂದರು. ತಾತ್ಯಾಸಾಹೇಬರು ಹೆಂಡತಿಯ ಒಂದು ಕೈಗೆ ಕಬ್ಬು, ಇನ್ನೊಂದು ಕೈಗೆ ಅರಿಶಿನದ ಗಡ್ಡೆ ಕೊಟ್ಟರು. ಆಕೆ ಮರುದಿನ ಬೆಳಿಗ್ಗೆ ಮಾರಾಟಕ್ಕೆ ನಿಂತವಳ ಹಾಗೆ ಕಾಣುತ್ತಿದ್ದಳು. ಜಯಕುಮಾರ ಹೆಂಡತಿಯನ್ನು ಎಡಕ್ಕೆ ನಿಲ್ಲಿಸಿ, ಬಲಕ್ಕೆ ನಿಲ್ಲಿಸಿ, ಒಂದು ತೆಂಗಿನಕಾಯಿ ಕೊಟ್ಟು, ಎರಡು ಕೊಟ್ಟು ನೋಡಿದ. ಎರಡನೆಯ ದಿನವೂ ಮಹಾರಾಜರು ಹಾಗೇ ಹೋದರು.

"ನೀ ಮಾರಿ ಸಪ್ಪಗ ಮಾಡಿ ನಿಂತರ ಅವರರ ಹ್ಯಾಂಗ ನಿಂದರಬೇಕು?" ಎಂದ ಜಯಕುಮಾರ.

ಮೂರನೆಯ ದಿನ ಬಾವಿಯಲ್ಲಿ ನೀರು ತಳಕ್ಕಿಳಿದಿತ್ತು. ಎಲ್ಲರದೂ ಆಗಿ ತ್ರಿಶಲಾಳ ಸರದಿ ಬರುವಷ್ಟರಲ್ಲಿ ತಡವಾಯಿತು. ಹೊರಗೆ ಕೂಗು ಕೇಳಿದಾಗ ಅವಳು ಒಲೆಯ ಮುಂದಿನಿಂದ ಎದ್ದು, ಕೈ ತೊಳೆದುಕೊಂಡು ಓಡಿದಳು. ತೆಂಗಿನಕಾಯಿಗಳು ಬಾವಿಯ ಕಟ್ಟೆಯ ಮೇಲೆಯೇ ಉಳಿದವು. ಕಲಶ ಹಿಡಿದು ನಿಂತಿದ್ದ ಗಂಡನ ಪಕ್ಕದಲ್ಲಿ ಬರಿಗೈ ಜೋಡಿಸಿ ನಿಂತಳು. ಮಹಾರಾಜರು ಅವರ ಮುಂದೆ ನಿಂತರು.

ಆಮೇಲಿನದೆಲ್ಲ ಕ್ರಮವಾಗಿ ನಡೆಯಿತು. ಗಂಡಹೆಂಡತಿ ಮಹಾರಾಜರಿಗೆ ಮೂರು ಸುತ್ತು ಬಂದರು, ಪಾದ ತೊಳೆದರು. ಆ ಶೆಡ್ಡಿನಲ್ಲಿ ನಿಂತುಕೊಂಡೇ, ತಮ್ಮ ಬೊಗಸೆಯನ್ನೇ ತಾಟು ಮಾಡಿಕೊಂಡು ಮಹಾರಾಜರು ಉಂಡರು. ತ್ರಿಶಲಾ ತುತ್ತು ಇಡುತ್ತಿದ್ದಳು, ನೀರು ಹಾಕುತ್ತಿದ್ದಳು. ಕೂದಲೊಂದು ಬಿದ್ದರೂ ಅಲ್ಲಿಗೇ ಆಹಾರ ನಿಲ್ಲುತ್ತದೆಂದು ಒಂದೊಂದು ತುತ್ತನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಏನೂ ಬೀಳಲಿಲ್ಲ. ಅವರು ಮೆಲ್ಲಗೆ ಉಂಡು, ಸಾಕಾದಾಗ ಬೊಗಸೆ ಬಿಟ್ಟರು.

ಆಹಾರ ಕೊಟ್ಟವರು ಏನಾದರೊಂದು ತ್ಯಾಗದ ನಿಯಮ ತೆಗೆದುಕೊಳ್ಳುವುದು ವಾಡಿಕೆ. ತ್ರಿಶಲಾ ಬಾಯಿ ತೆರೆಯುವ ಮೊದಲೇ ಜಯಕುಮಾರ, "ಈಕಿ ಬದನೀಕಾಯಿ ಬಿಡತಾಳ್ರಿ ಮಹಾರಾಜ," ಎಂದ. ಅವನಿಗೆ ಬದನೆಕಾಯಿ ಮದುವೆಯಾದಾಗಿನಿಂದಲೂ ಸೇರುತ್ತಿರಲಿಲ್ಲ. ಅವನು ಏನು ಬಿಟ್ಟ ಎಂಬುದನ್ನು ಗಡಿಬಿಡಿಯಲ್ಲಿ ಯಾರೂ ಕೇಳಲಿಲ್ಲ.

ನೇಮಿನಾಥ ಕಾಕಾ ತಡೆಯಲಾರದೆ, ಇವತ್ತಿನ ವಿಧಿ ಏನಿತ್ತೆಂದು ಕೇಳಿಬಿಟ್ಟರು. ಮಹಾರಾಜರು ನಸುನಕ್ಕು, ಕೈಯೆತ್ತಿ ಹರಸಿ, ಬಸದಿಯ ಕಡೆ ನಡೆದರು.

ಅಂದು ಮಧ್ಯಾಹ್ನದೊಳಗೆ ಇಡೀ ಓಣಿಗೆ ವಿಧಿ ಏನೆಂದು ಗೊತ್ತಾಗಿಹೋಗಿತ್ತು. ಜಯಕುಮಾರ ಬಂದವರಿಗೆಲ್ಲ ತಾನು ಕಲಶ ಹಿಡಿದ ರೀತಿಯನ್ನು ಮಾಡಿ ತೋರಿಸಿದ. ತಾನು ಕಾರು ತೆಗೆದದ್ದರಿಂದಲೇ ಮಹಾರಾಜರಿಗೆ ಆ ಗೇಟು ಕಂಡಿತು ಎಂದು ತಾತ್ಯಾಸಾಹೇಬರು ಹೇಳಿದರು. ಅದರಲ್ಲಿ ಸ್ವಲ್ಪ ಸತ್ಯವೂ ಇತ್ತು. ತನ್ನ ಕೈ ಖಾಲಿಯಿತ್ತೆಂದು ತ್ರಿಶಲಾ ಯಾರಿಗೂ ಹೇಳಲಿಲ್ಲ. ಅವಳಿಗೆ ಬೇರೆಯೇ ಒಂದು ಮಾತು ಹಿಡಿದುಕೊಂಡಿತ್ತು. ಒಬ್ಬ ಮನುಷ್ಯ ತನಗೇನು ಬೇಕೆಂದು ಯಾರಿಗೂ ಹೇಳದೆ ಇಷ್ಟು ಮನೆಗಳ ಮುಂದೆ ಹಾದುಹೋದ. ಹಸಿದೇ ಹೋದ. ಯಾರೂ ಗುಳಿಗೆ ತಂದು ಕೊಡಲಿಲ್ಲ, ಏನಾತು ಎಂದು ಕೇಳಲಿಲ್ಲ, ಮಾರಿ ಸಪ್ಪಗಿದೆ ಎನ್ನಲಿಲ್ಲ. ಎಲ್ಲರೂ ತಪ್ಪು ತಮ್ಮದೇ ಎಂದು ಕೈಮುಗಿದು ನಿಂತರು. ಅವರ ತಪಸ್ಸು ಎಲ್ಲಿ, ತನ್ನ ಒಂದು ತಾಸು ಎಲ್ಲಿ ಎಂದು ನಾಚಿದಳು ಕೂಡ. ಆದರೂ ಆ ವಿಚಾರ ಹೋಗಲಿಲ್ಲ.

ಮಹಾರಾಜರು ಮುಂದಿನ ಊರಿಗೆ ಹೊರಟ ದಿನ, ಅವರು ರಸ್ತೆ ದಾಟುವವರೆಗೆ ಎಲ್ಲರೂ ಹಿಂದೆ ನಡೆದರು. ಮರಳಿ ಬರುವಾಗ ಶಾಲೆಯ ಬಯಲಿನಿಂದ ಗಾಡಿಗಳನ್ನೂ ತಂದರು. ತಾತ್ಯಾಸಾಹೇಬರ ಎರಡನೆಯ ಕಾರು ತನ್ನ ಹಳೆಯ ಜಾಗ ಹುಡುಕಿಕೊಂಡು ಜಯಕುಮಾರನ ಗೇಟಿಗೇ ಬಂತು. ಶ್ರೇಯಸನ ಕಾರು ಭಾಮಾಳ ಗೇಟಿನ ಮುಂದೆ ನಿಂತಿತು. ಚೇರ್ಮನ್ನರ ಮನೆಯ ಗಾಡಿ ಎಂದು ಭಾಮಾ ಸುಮ್ಮನಿದ್ದಳು. ತನ್ನ ಸ್ಕೂಟಿಯನ್ನು ಮಾತ್ರ ಅಡ್ಡಡ್ಡ ಎಳೆದು ತೆಗೆಯುತ್ತ, "ಹೊಸಾ ಗಾಡಿ, ಗೀರ ಬಿದ್ದರ ನಂದಲ್ಲ," ಎಂದು ಗಾಳಿಗೆ ಹೇಳುತ್ತಿದ್ದಳು.

ಸಭೆ ಸೇರಿ ಸೊಸೈಟಿ ಎಂದೂ ತೋರಿಸದ ಒಗ್ಗಟ್ಟಿನಿಂದ ಒಂದು ತಿದ್ದುಪಡಿ ಮಾಡಿತು. ಅನುಮತಿಯಿಲ್ಲದ ಶೆಡ್ಡುಗಳನ್ನೆಲ್ಲ ಕೆಡವತಕ್ಕದ್ದು, ಧಾರ್ಮಿಕ ಉಪಯೋಗದವುಗಳನ್ನು ಬಿಟ್ಟು. ಗಿರಣಿಯ ಮೇಲಿನ ವಿಠೋಬನನ್ನೂ ಸೇರಿಸಿ ಎಲ್ಲವೂ ಧಾರ್ಮಿಕವೆಂದು ನಿರ್ಣಯವಾಯಿತು. ಹೀಗೆ ನಿಯಮವೂ ಉಳಿಯಿತು, ಶೆಡ್ಡುಗಳೂ ಉಳಿದವು. ಸ್ವಸ್ತಿಕಗಳ ಕೆಳಗೆ ಸ್ಕೂಟರು, ಕೂಲರುಗಳು ತಮ್ಮ ಜಾಗಕ್ಕೆ ಮರಳಿದವು.

ಹಳೆಯ ಸ್ಥಿತಿಗೆ ಮರಳದೆ ಉಳಿದದ್ದು ಒಂದೇ ಶೆಡ್ಡು. ತ್ರಿಶಲಾ ತಂಗಿಯ ಮೊಮ್ಮಗುವಿನ ಹೆಸರಿಡುವ ಕಾರ್ಯಕ್ಕೆಂದು ಲಿಂಗನೂರಿಗೆ ಹೋಗಿ ಹದಿನೈದು ದಿನ ಇದ್ದು ಬರುವಷ್ಟರಲ್ಲಿ ಜಯಕುಮಾರ ಅಲ್ಲಿ ಬಿಳಿ ಟೈಲ್ಸ್ ಹಾಕಿಸಿದ್ದ. ತಗಡಿನ ಬದಲು ಸಿಮೆಂಟಿನ ಚಾವಣಿ, ಮುಂದೆ ಕಬ್ಬಿಣದ ಜಾಳಿಗೆಯ ಬಾಗಿಲು, ಬಾಗಿಲಿಗೆ ಬೀಗ. ಬೀಗದ ಕೈ ಅವನ ಜನಿವಾರದಲ್ಲಿತ್ತು. ಗೋಡೆಯ ಮೇಲೆ ಕರಿಕಲ್ಲು. ಅದರಲ್ಲಿ ಮಹಾರಾಜರ ಹೆಸರು ಮೇಲೆ, ಜಯಕುಮಾರನದು ಕೆಳಗೆ, ಇನ್ನೂ ಸ್ವಲ್ಪ ದೊಡ್ಡ ಅಕ್ಷರದಲ್ಲಿ. ಅತ್ತೆಯ ಒಲೆಯನ್ನು ಗಾಜಿನೊಳಗೆ ಇಡುವ ವಿಚಾರವಿತ್ತು.

ಅವಳು ಗೋಡೆಯ ಹಿಂದೆ ಹೋಗಿ ನೋಡಿದಳು.

"ಕುರ್ಚಿ?"

"ಆ ಹರಕ ಕುರ್ಚಿ? ಗುಜರಿಯಾಂವಗ ಕೊಟ್ಟೆ. ಟೈಲ್ಸಿಗೆ ಗೀರ ಬೀಳತಿದ್ವು." ಜಯಕುಮಾರ ಒದ್ದೆ ಬಟ್ಟೆಯಿಂದ ಕಲ್ಲನ್ನು ಒರೆಸುತ್ತಿದ್ದ. "ಮಹಾರಾಜರ ಪಾದ ಬಿದ್ದ ಜಾಗಾ. ಇನ್ನ ಅಲ್ಲಿ ಕಾಲ ಚಾಚಿ ಕುಂತು ಶೇಂಗಾ ಸುಲಿಯೂದ ಚಲೋ ಅಲ್ಲ. ಮನಿ ತುಂಬ ಸೋಫಾ ಅದಾವಲ್ಲ?"

"ಅದಾವ್ರಿ," ಎಂದಳು ತ್ರಿಶಲಾ.

ಉದ್ಘಾಟನೆ ರವಿವಾರ ಎಂದ ಅವನು. ಕಮಿಟಿಯವರೆಲ್ಲ ಊಟಕ್ಕೆ ಬರುತ್ತಾರೆ. ಬದನೆಕಾಯಿ ಬಿಟ್ಟು ಏನಾದರೂ ಮಾಡು ಎಂದ.

ಮಧ್ಯಾಹ್ನ ಇಬ್ಬರನ್ನೂ ಊಟಕ್ಕೆ ಕೂರಿಸಿ ಅವಳು ಬಡಿಸತೊಡಗಿದಳು. ಜಯಕುಮಾರ ಜಾಳಿಗೆಗೆ ಯಾವ ಬಣ್ಣ ಕೊಡಿಸಬೇಕೆಂದು ಮಗನನ್ನು ಕೇಳುತ್ತಿದ್ದ. ಶ್ರೇಯಸ ಫೋನಿನಲ್ಲಿ ಕಾರಿಗೆ ಹೊದಿಸುವ ಕವರು ನೋಡುತ್ತಿದ್ದ. ಆ ಕುರ್ಚಿ ಎಷ್ಟು ವರ್ಷ ಅಲ್ಲಿತ್ತು, ಅದರಲ್ಲಿ ಯಾರು ಕೂಡುತ್ತಿದ್ದರು, ಈಗ ಅವರು ಎಲ್ಲಿ ಕೂಡಬೇಕು, ಇವು ಆ ಊಟದ ಮಾತುಗಳಾಗಿರಲಿಲ್ಲ. ತ್ರಿಶಲಾ ರೊಟ್ಟಿಯ ಬುಟ್ಟಿ ಹಿಡಿದು ಸ್ವಲ್ಪ ಹೊತ್ತು ಕಾದಳು. ಹೇಳಿಬಿಡಬಹುದಿತ್ತು. ಹೇಳಿದರೆ ಜಯಕುಮಾರ ಕೆಟ್ಟವನಲ್ಲ, ಸಂಜೆಯೊಳಗೆ ಹೊಸ ಪ್ಲಾಸ್ಟಿಕ್ ಕುರ್ಚಿ ತಂದು ಹಾಲಿನಲ್ಲಿ, ಟಿವಿಯ ಎದುರಿಗೆ ಇಡುತ್ತಿದ್ದ. ಬಂದವರಿಗೆಲ್ಲ ಅದನ್ನು ತೋರಿಸುತ್ತಲೂ ಇದ್ದ.

ಅವಳು ಅಲ್ಲಿಯೇ ನಿಂತು ಮನಸ್ಸಿನಲ್ಲಿ ಒಂದು ವಿಧಿ ಹಿಡಿದಳು. ನೀನು ಮಧ್ಯಾಹ್ನ ಎಲ್ಲಿ ಕೂಡುತ್ತೀ ಎಂದು ಇವರಿಬ್ಬರಲ್ಲಿ ಒಬ್ಬರು ತಾವಾಗಿಯೇ ಕೇಳುವವರೆಗೆ, ಆ ಒಂದು ತಾಸು ತಾನು ಈ ಮನೆಯಲ್ಲಿರುವುದಿಲ್ಲ. ರಸ್ತೆಗೆ ಹೋದರೆ ಮಿರಜಿನ ಬಸ್ಸು ಸಿಗುತ್ತದೆ. ಮಧ್ಯಾಹ್ನ ಅದು ಅರ್ಧ ಖಾಲಿಯೇ ಇರುತ್ತದೆ. ಕಿಡಕಿಯ ಪಕ್ಕ ಕುಳಿತು ಮಿರಜಿನ ಸ್ಟ್ಯಾಂಡಿನವರೆಗೆ ಹೋಗುವುದು, ಇಳಿದು ಇನ್ನೊಂದರಲ್ಲಿ ಮರಳುವುದು. ಬಸ್ಸಿನಲ್ಲಿ ಸುಮ್ಮನೆ ಕುಳಿತ ಹೆಂಗಸನ್ನು ಕಂಡಕ್ಟರು ಎಲ್ಲಿಗೆ ಎಂದಷ್ಟೇ ಕೇಳುತ್ತಾನೆ. ನಾಳೆಯಿಂದಲೇ. ರವಿವಾರವೂ ಕೂಡ, ಕಮಿಟಿಯವರು ಉಂಡೆದ್ದ ಮೇಲೆ.

"ಏನ ನಿಂತಿ? ಮಜ್ಜಿಗಿ ಹಾಕು," ಎಂದ ಜಯಕುಮಾರ, ತಲೆಯೆತ್ತದೆ.

ಅವಳು ಹಾಕಿದಳು.